ಚಿಂಚೋಳಿಯ ಕಾಡುದಾರಿಗಳಲ್ಲಿ ಕುದುರೆ ಸವಾರಿಯೂ ಬಿಡಾರವೂ

ಕಲಬುರಗಿ ಜಿಲ್ಲೆಯ ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ ಊರುಗಳು ಭೀಮಾ ಪ್ರದೇಶದ ಸುಣ್ಣಕಲ್ಲಿನ ಹಾಸಿನ ಮೇಲೆ ನೆಲೆಗೊಂಡಿವೆ. ಅಲ್ಲಿಂದ ಉತ್ತರಕ್ಕೆ ಸರಿದಂತೆ ಕಪ್ಪು ಶಿಲೆಯೂ ಎರೆಮಣ್ಣೂ ತಲೆದೋರಿ, ಚಿಂಚೋಳಿಯ ಬಳಿ ಜಂಬಿಟ್ಟಿಗೆಯ ಗುಡ್ಡಗಳು ಕಾಣಿಸಿಕೊಳ್ಳುತ್ತವೆ. ಈ ಗುಡ್ಡಗಳ ಎಲೆಯುದುರುವ ಒಣಗಾಡಿನ 134.88 ಚದರ ಕಿಲೋಮೀಟರು ಪ್ರದೇಶವನ್ನು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಇಂಥ ಕಾಡಿಗೆ ಕುದುರೆ ಸವಾರಿಯೂ ಬಿಡಾರದ ವಾಸವೂ ವಿಹಾರವಾಗಿ ಬರುವುದಾದರೆ, ಅಲ್ಲಿಯ ದಾರಿಗಳನ್ನು ಯಾರೊಡನೆ ಹೇಗೆ ಹಂಚಿಕೊಳ್ಳತಕ್ಕದ್ದೆಂಬ ಪ್ರಶ್ನೆಯನ್ನು ಇಲ್ಲಿ ಪರಿಶೀಲಿಸುತ್ತೇವೆ.

ಮೊದಲು ದಾರಿಯ ಪೂರ್ವವೃತ್ತಾಂತವನ್ನು ತಿಳಿಯಬೇಕು. ದಕ್ಖನಿನಲ್ಲಿ ಧಾನ್ಯ, ಉಪ್ಪುಗಳ ಸಾಗಣೆಯು ಬಹುಕಾಲ ಲಂಬಾಣಿಗರ ಹೇರೆತ್ತುಗಳನ್ನು ಅವಲಂಬಿಸಿತ್ತು. 1632ರಲ್ಲಿ ಉತ್ತರ ಭಾರತದಲ್ಲಿ ಸಂಚರಿಸಿದ ಆಂಗ್ಲ ವರ್ತಕ ಪೀಟರ್ ಮುಂಡಿಯು 14,000 ಎತ್ತುಗಳಿದ್ದ ಒಂದು ತಾಂಡವನ್ನು ಕಂಡುದಾಗಿ ಬರೆದಿದ್ದಾನೆ. ಆಗ ತಾಂಡವೆಂದರೆ ನಿಂತ ಊರಲ್ಲ. ಹಗಲು ನಡೆಯುವ ಸಾರ್ಥ, ರಾತ್ರಿ ಇಳಿಯುವ ಬಿಡಾರ. 1871ರಲ್ಲಿ ಸೊಲ್ಲಾಪುರದ ಕಡೆಯ ರೈಲುಮಾರ್ಗವು ಶಹಾಬಾದ, ವಾಡಿಗಳನ್ನು ಹಾದು ರಾಯಚೂರನ್ನು ಮುಟ್ಟಿತು. 1874ರಲ್ಲಿ ನಿಜಾಮ ಸಂಸ್ಥಾನದ ಮಾರ್ಗವು ವಾಡಿಯಿಂದ ಚಿತ್ತಾಪುರ, ಸೇಡಂಗಳ ಮೂಲಕ ಸಿಕಂದರಾಬಾದಿಗೆ ಸಂಪರ್ಕ ಕಲ್ಪಿಸಿತು. ಎತ್ತಿನ ಬೆನ್ನಿನ ಹೇರು ರೈಲಿನೊಡನೆ ಸ್ಪರ್ಧಿಸಲಾರದಾಯಿತು. ಕಸುಬು ಕುಸಿದಂತೆ ಲಂಬಾಣಿಗರು ಕಾಡಂಚುಗಳಲ್ಲಿ ನೆಲೆನಿಂತರು. ಬಿಡಾರದ ಹೆಸರೇ ಊರಿನ ಹೆಸರಾಯಿತು. ಚಿಂಚೋಳಿಯ ಗುಡ್ಡಗಳ ತಾಂಡಗಳು ಆ ಹೆಸರನ್ನು ಇಂದಿಗೂ ಉಳಿಸಿಕೊಂಡಿವೆ. ಆದುದರಿಂದ ಕಾಡಿನಲ್ಲಿ ಬಿಡಾರ ಹೂಡುವುದು ಈ ನಾಡಿಗೆ ಹೊಸತಲ್ಲ. ಹೊಸತೆಂದರೆ ಅದು ವಿಹಾರವಾಗುವುದು.

ಇನ್ನು ನೆಲದ ವಿಚಾರ. ಸವಾರನನ್ನು ಹೊತ್ತ ಕುದುರೆಯ ಭಾರವು 400 ಕಿಲೋಗ್ರಾಂ ಮೀರುವುದುಂಟು; ಅದೆಲ್ಲವೂ ಸಣ್ಣ ಗೊರಸುಗಳ ಮೇಲೆ ಬೀಳುತ್ತದೆ. ಶಹಾಬಾದದ ನುಣುಪು ಕಲ್ಲುಹಾಸಿನ ಮೇಲೆ ಕಬ್ಬಿಣದ ಲಾಳವು ಜಾರುತ್ತದೆ. ಮಳೆಯಲ್ಲಿ ಎರೆಮಣ್ಣಿನೊಳಗೆ ಗೊರಸು ಹೂತು ಕುಳಿಗಳಾಗಿ, ಅವುಗಳಲ್ಲಿ ನೀರು ಹರಿದು ದಾರಿಯು ಕೊರಕಲಾಗುತ್ತದೆ. ಜಂಬಿಟ್ಟಿಗೆಯ ಇಳಿಜಾರಿನಲ್ಲಿ ಹರಳುಗಳು ಉರುಳುತ್ತವೆ. ಹೀಗಾಗಿ ನೆಲ ಆರುವವರೆಗೆ ಸವಾರಿ ನಿಲ್ಲಿಸುವುದೂ, ಕುದುರೆಗಳನ್ನು ಒಂದರ ಹಿಂದೊಂದಾಗಿ ನಡಿಗೆಯಲ್ಲಿಯೇ ಕೊಂಡೊಯ್ಯುವುದೂ ಅಗತ್ಯ.

ಎದುರಾದವರಿಗೆ ದಾರಿ ಬಿಡುವ ಕ್ರಮವು ಇದಕ್ಕಿಂತ ಸೂಕ್ಷ್ಮವಾದುದು. ಕುದುರೆಯ ಕಣ್ಣುಗಳು ಪಕ್ಕಗಳಲ್ಲಿರುವುದರಿಂದ ನೇರ ಹಿಂಬದಿಯು ಅದಕ್ಕೆ ಕಾಣದು. ಬೆಚ್ಚಿದರೆ ಓಡುವುದೇ ಅದರ ಸ್ವಭಾವ. ಈ ಕಾರಣದಿಂದ ಅನೇಕ ದೇಶಗಳಲ್ಲಿ ಪಾದಚಾರಿಯೇ ಕುದುರೆಗೆ ದಾರಿ ಬಿಡಬೇಕೆಂಬ ನಿಯಮ ರೂಢಿಯಲ್ಲಿದೆ. ಆದರೆ ಅಲ್ಲಿ ಎದುರಾಗುವ ಇಬ್ಬರೂ ಬಹುಮಟ್ಟಿಗೆ ವಿಹಾರಾರ್ಥಿಗಳು. ಇಲ್ಲಿ ಎದುರಾಗುವವರು ತಲೆಯ ಮೇಲೆ ಸೌದೆಯ ಹೊರೆ ಹೊತ್ತ ಹೆಂಗಸರು, ದನಗಳ ಹಿಂದೆ ನಡೆಯುವ ದನಗಾಹಿಗಳು. ಒಮ್ಮೆ ಇಳಿಸಿದ ಹೊರೆಯನ್ನು ಒಬ್ಬಳೇ ಮತ್ತೆ ತಲೆಗೇರಿಸಿಕೊಳ್ಳುವುದು ಕಷ್ಟ. ಆದುದರಿಂದ ಇಲ್ಲಿ ಸವಾರನೇ ದೂರದಿಂದ ಕೂಗಿ ತಿಳಿಸಿ, ಕೆಳಗಿಳಿದು, ಕುದುರೆಯನ್ನು ದಾರಿಯ ಪಕ್ಕಕ್ಕೆ ಹಿಡಿದು ನಿಲ್ಲುವುದು ನ್ಯಾಯವೆಂದು ನಮ್ಮ ಅಭಿಪ್ರಾಯ.

ಬಿಡಾರದ ವಿಷಯದಲ್ಲಿ ಮೂರು ಸಂಗತಿಗಳು ಮುಖ್ಯ: ನೀರು, ಬೆಂಕಿ, ಮೇವು. ಕುದುರೆಯೊಂದಕ್ಕೆ ದಿನಕ್ಕೆ 25ರಿಂದ 40 ಲೀಟರು ನೀರು ಬೇಕು. ಬೇಸಿಗೆಯಲ್ಲಿ ಅದೇ ಮಡುವನ್ನು ತಾಂಡದ ದನಗಳೂ ರಾತ್ರಿ ತೋಳ, ಕತ್ತೆಕಿರುಬಗಳೂ ನಂಬಿರುತ್ತವೆ. ಬಿಡಾರವನ್ನು ನೀರಿನಿಂದ 60 ಮೀಟರಾದರೂ ದೂರ ಹೂಡಿ, ಕುದುರೆಗೆ ನೀರನ್ನು ಬಕೀಟಿನಲ್ಲಿ ತಂದು ಕುಡಿಸಬೇಕು. ಫೆಬ್ರವರಿಯಿಂದ ಮೇವರೆಗೆ ಉದುರೆಲೆಯೂ ಒಣಹುಲ್ಲೂ ಕಿಡಿಗಾಗಿ ಕಾದಿರುತ್ತವೆ; ಅಭಯಾರಣ್ಯಕ್ಕೆ ಅಪಾಯವಾಗುವಂತೆ ಬೆಂಕಿ ಹೊತ್ತಿಸುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ನಿಷೇಧಿಸಿದೆ. ಕುದುರೆಯು ಮೆಲುಕು ಹಾಕುವ ಪ್ರಾಣಿಯಲ್ಲವಾಗಿ, ತಿಂದ ಬೀಜಗಳಲ್ಲಿ ಎಷ್ಟೋ ಲದ್ದಿಯಲ್ಲಿ ಜೀವಂತವಾಗಿಯೇ ಹೊರಬೀಳುತ್ತವೆ. ಹೊರಗಿನ ಹುಲ್ಲಿನೊಡನೆ ಕಳೆಯೂ ಕಾಡನ್ನು ಸೇರಬಹುದು. ಕಾಡು ಹೊಗುವ ಕೆಲವು ದಿನ ಮೊದಲೇ ಕಳೆಯಿಲ್ಲದ ಮೇವನ್ನು ಕೊಡುವುದೂ ಬಿಡಾರದ ಲದ್ದಿಯನ್ನು ಹೊರಕ್ಕೆ ಸಾಗಿಸುವುದೂ ಇದಕ್ಕೆ ಪರಿಹಾರ.

ಕೊನೆಯದಾಗಿ ಹಕ್ಕಿನ ಮಾತು. ಪ್ರವಾಸಿಗೆ ಅಭಯಾರಣ್ಯದ ಪ್ರವೇಶವು ಅನುಮತಿಪತ್ರದಿಂದ ದೊರೆಯುತ್ತದೆ. ತಾಂಡದವನ ಸ್ಥಿತಿ ಬೇರೆ. ಕರ್ನಾಟಕದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿರುವುದರಿಂದ, 2006ರ ಅರಣ್ಯಹಕ್ಕು ಕಾಯಿದೆಯಡಿ ಅವರು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಎಂದರೆ 75 ವರ್ಷ, ಕಾಡಿನಲ್ಲಿ ನೆಲೆಸಿ ಅದನ್ನು ಅವಲಂಬಿಸಿದುದನ್ನು ಸಿದ್ಧಪಡಿಸಬೇಕು. ಗಡಿಯಾಚೆಯ ತೆಲಂಗಾಣದಲ್ಲಿ ಅದೇ ಸಮುದಾಯವು ಪರಿಶಿಷ್ಟ ಪಂಗಡವಾದುದರಿಂದ ಈ 75 ವರ್ಷಗಳ ನಿಬಂಧನೆಯು ಅವರಿಗಿಲ್ಲ. ಸಂಚಾರವೇ ಬಾಳಾಗಿದ್ದ ಜನರಿಗೆ ಒಂದೆಡೆ ನೆಲೆನಿಂತುದರ ದಾಖಲೆ ಒದಗಿಸುವುದು ಸುಲಭವಲ್ಲ.

ವಿಹಾರವನ್ನು ನಾವು ಬೇಡವೆನ್ನುವುದಿಲ್ಲ; ಕಾಡನ್ನು ಕಂಡವರು ಅದರ ರಕ್ಷಣೆಗೆ ಒದಗುವ ಸಂಭವವೂ ಉಂಟು. ಆದರೆ ದಾರಿಯ ಬಳಕೆಯನ್ನು ಗೊತ್ತುಪಡಿಸುವಾಗ ಅದನ್ನು ದಿನವೂ ತುಳಿಯುವವರನ್ನು ಮೊದಲು ಕೇಳಬೇಕು. ಕುದುರೆಗೆ ತೆರೆದ ದಾರಿಯು ದನಕ್ಕೂ ಹೊರೆಗೂ ಮುಚ್ಚಿದರೆ, ಅದನ್ನು ಹಂಚಿಕೊಂಡ ದಾರಿಯೆಂದು ಕರೆಯಲಾಗದು.