ಕರುಳಿನ ದಾರಿಯಲ್ಲಿ ಔಷಧಿ

ಕರಣಕೋಟದ ಸಿಮೆಂಟ್ ಕಾರ್ಖಾನೆ ನಮಗೆಲ್ಲ ಪರಿಚಿತ. ಅಲ್ಲಿ ಸುಣ್ಣದಕಲ್ಲನ್ನು ಪುಡಿಮಾಡಿ ಸುಡುತ್ತಾರೆ; ಸುಟ್ಟು ಬಂದ ಗಟ್ಟಿಯನ್ನು ಮತ್ತೆ ನುಣ್ಣಗೆ ಅರೆಯುತ್ತಾರೆ. ಸಿಮೆಂಟ್ ನುಣುಪಾದಷ್ಟೂ ನೀರಿನೊಡನೆ ಬೇಗ ಬೆರೆತು ಬಿಗಿಯುತ್ತದೆ. ವಸ್ತುವೊಂದು ಚಿಕ್ಕ ಕಣಗಳಾಗಿ ಒಡೆದಂತೆ ಅದರ ಒಟ್ಟು ಹೊರಮೈ ಹೆಚ್ಚುವುದೇ ಇದಕ್ಕೆ ಕಾರಣ.

ಔಷಧಿಗೂ ಈ ನಿಯಮ ಸಲ್ಲುತ್ತದೆ. ಒಂದು ಮೀಟರಿನ ನೂರು ಕೋಟಿ ಪಾಲುಗಳಲ್ಲಿ ಒಂದು ಪಾಲು ನ್ಯಾನೊಮೀಟರ್. ನೀರಿನಲ್ಲಿ ಸುಲಭವಾಗಿ ಕರಗದ ಔಷಧಿಯನ್ನು ಕೆಲವು ನೂರು ನ್ಯಾನೊಮೀಟರಿನ ಕಣಗಳಾಗಿಸಿದರೆ ಅದು ಕರುಳಿನಲ್ಲಿ ಬೇಗ ಕರಗಿ ರಕ್ತಕ್ಕೆ ಸೇರುತ್ತದೆ.

ಆದರೆ ಕೆಲವು ಔಷಧಿಗಳ ತೊಡಕು ಕರಗುವುದರಲ್ಲಿಲ್ಲ, ಉಳಿಯುವುದರಲ್ಲಿದೆ. ಇನ್ಸುಲಿನ್ನನ್ನೇ ನೋಡಿ. 1922ರಲ್ಲಿ ಮೊದಲ ಬಾರಿಗೆ ಮಧುಮೇಹ ರೋಗಿಗೆ ಅದನ್ನು ಚುಚ್ಚಿ ಕೊಡಲಾಯಿತು. ಇಂದಿಗೂ ಅದನ್ನು ಸೂಜಿಯ ಮೂಲಕವೇ ಕೊಡುವುದು ರೂಢಿ. ಇನ್ಸುಲಿನ್ ಒಂದು ಪ್ರೋಟೀನು. ತಾಂಡೂರಿನ ತೊಗರಿಬೇಳೆಯ ಪ್ರೋಟೀನನ್ನು ಅರಗಿಸುವ ಆಮ್ಲವೂ ಕಿಣ್ವಗಳೂ ಇನ್ಸುಲಿನ್ನನ್ನೂ ಅರಗಿಸಿಬಿಡುತ್ತವೆ. ಅಳಿದುಳಿದದ್ದನ್ನು ಕರುಳಿನ ಲೋಳೆಯೂ ಒತ್ತೊತ್ತಾದ ಜೀವಕೋಶಗಳ ಗೋಡೆಯೂ ತಡೆಯುತ್ತವೆ.

ಇಲ್ಲಿ ನ್ಯಾನೊ ಕಣ ಬುತ್ತಿಗಂಟಿನಂತೆ ಕೆಲಸ ಮಾಡಬೇಕು. ಸೀಗಡಿಯ ಚಿಪ್ಪಿನಿಂದ ತಯಾರಾಗುವ ಕೈಟೊಸಾನ್ ಎಂಬ ಪದಾರ್ಥದೊಳಗೆ ಔಷಧಿಯನ್ನು ಅಡಗಿಸಿಡಬಹುದು. ಅದು ಲೋಳೆಗೆ ಅಂಟಿಕೊಂಡು, ಜೀವಕೋಶಗಳ ನಡುವಣ ಬಿಗಿಯನ್ನು ತುಸು ಹೊತ್ತು ಸಡಿಲಿಸಬಲ್ಲದು. ಆದರೆ ಆಮ್ಲದಲ್ಲಿ ಕೈಟೊಸಾನ್ ಕರಗುವುದರಿಂದ, ಜಠರವನ್ನು ದಾಟಿ ಸಣ್ಣಕರುಳಿನಲ್ಲಷ್ಟೇ ಬಿಚ್ಚಿಕೊಳ್ಳುವ ಇನ್ನೊಂದು ಹೊರಹೊದಿಕೆ ಬೇಕಾಗುತ್ತದೆ.

ದಾರಿ ಸುಲಭವಲ್ಲ. ಬೆಂಗಳೂರಿನ ಬಯೋಕಾನ್ ಸಂಸ್ಥೆ ಬೇರೊಂದು ಮಾರ್ಗ ಹಿಡಿದು, ಇನ್ಸುಲಿನ್ ಅಣುವನ್ನೇ ಮಾರ್ಪಡಿಸಿ ಐಎನ್-105 ಎಂಬ ಮಾತ್ರೆಯನ್ನು ರೂಪಿಸಿತು. ಭಾರತದಲ್ಲಿ ನಡೆದ ಮೂರನೆಯ ಹಂತದ ಪರೀಕ್ಷೆಯಲ್ಲಿ ಅದು ತನ್ನ ಮುಖ್ಯ ಗುರಿಯನ್ನು ಮುಟ್ಟಲಿಲ್ಲವೆಂದು 2011ರಲ್ಲಿ ಪ್ರಕಟವಾಯಿತು. ಕರುಳನ್ನು ದಾಟುವ ಇನ್ಸುಲಿನ್ನಿನ ಪ್ರಮಾಣ ಊಟ, ದೇಹ, ಹೊತ್ತುಗಳಿಗೆ ತಕ್ಕಂತೆ ಏರಿಳಿಯುವುದು ಇಂತಹ ಎಲ್ಲ ಮಾತ್ರೆಗಳ ಮುಂದಿರುವ ಸವಾಲು. ಸಕ್ಕರೆಯ ಅಂಶ ಇಳಿಯದಿದ್ದರೂ ಅಪಾಯ, ಅತಿಯಾಗಿ ಇಳಿದರೂ ಅಪಾಯ.

ಹೊದಿಕೆಯ ಈ ತಿಳಿವಳಿಕೆ ಇಂದೇ ಮನೆಯಲ್ಲಿ ಉಪಯೋಗಕ್ಕೆ ಬರುತ್ತದೆ. ನುಂಗಲಾಗದ ಹಿರಿಯರಿಗೆಂದು ನಾವು ಮಾತ್ರೆಯನ್ನು ಕುಟ್ಟಿ ಪುಡಿಮಾಡುವುದುಂಟು. ಕರುಳಿನಲ್ಲಿ ಬಿಚ್ಚಿಕೊಳ್ಳಬೇಕಾದ ಮಾತ್ರೆಯ ಹೊದಿಕೆ ಒಡೆದರೆ ಔಷಧಿ ಜಠರದಲ್ಲೇ ಹಾಳಾಗಬಹುದು, ಇಲ್ಲವೇ ಜಠರವನ್ನೇ ಕೆರಳಿಸಬಹುದು. ಕುಟ್ಟುವ ಮೊದಲು ವೈದ್ಯರನ್ನು ಕೇಳಬೇಕು. ಔಷಧಿಯ ಚೀಟಿಯಲ್ಲಿ ಕನ್ನಡವಿಲ್ಲದ ಈ ಗಡಿಯೂರಿನಲ್ಲಿ, ಅಜ್ಜಿಗೆ ಅರ್ಥವಾಗುವ ಕನ್ನಡದಲ್ಲಿ ಇದನ್ನು ತಿಳಿಸಿ ಹೇಳುವುದು ಕನ್ನಡ ವಿದ್ಯಾರ್ಥಿಗಳಾದ ನಮ್ಮ ಕೆಲಸ.