ಸಹಿ ಹಾಕದ ಕೆಪ್ಲರ್

ಗ್ರಹಗಳ ಚಲನೆಯ ಮೂರು ನಿಯಮಗಳನ್ನು ವಿಜ್ಞಾನದ ವಿದ್ಯಾರ್ಥಿಗಳೆಲ್ಲ ಬಾಯಿಪಾಠ ಮಾಡಿರುತ್ತಾರೆ. ಅವುಗಳನ್ನು ಕಂಡುಹಿಡಿದ ಜೊಹಾನೆಸ್ ಕೆಪ್ಲರ್ (1571–1630) ಧರ್ಮದ ಕಾರಣಕ್ಕಾಗಿ ಒಂದೇ ಊರಿನಿಂದ ಎರಡು ಬಾರಿ ಹೊರಬೀಳಬೇಕಾಯಿತು ಎಂಬ ಸಂಗತಿ ಮಾತ್ರ ಪಠ್ಯಪುಸ್ತಕಗಳಲ್ಲಿ ಸಿಗುವುದು ಅಪರೂಪ.

ಕೆಪ್ಲರ್ ಹುಟ್ಟಿದ್ದು ಜರ್ಮನಿಯ ಲೂಥರನ್ ಕುಟುಂಬದಲ್ಲಿ. ಪಾದ್ರಿಯಾಗುವ ಆಸೆಯಿಂದ ಟ್ಯೂಬಿಂಗನ್ ವಿಶ್ವವಿದ್ಯಾನಿಲಯ ಸೇರಿದ. (ಮಂಗಳೂರಿನಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ ಹರ್ಮನ್ ಮೊಗ್ಲಿಂಗ್ ಓದಿದ್ದೂ ಅಲ್ಲಿಯೇ, ಎರಡು ಶತಮಾನಗಳ ಅನಂತರ.) ಆದರೆ 1594ರಲ್ಲಿ ಆತನನ್ನು ಆಸ್ಟ್ರಿಯದ ಗ್ರಾಟ್ಸ್ ಊರಿಗೆ ಗಣಿತದ ಮೇಷ್ಟರನ್ನಾಗಿ ಕಳುಹಿಸಲಾಯಿತು.

ದೊರೆಯ ಮತವೇ ಪ್ರಜೆಗಳ ಮತ ಎಂಬುದು ಆ ಕಾಲದ ಒಪ್ಪಂದ. ಗ್ರಾಟ್ಸ್‌ನ ಯುವ ದೊರೆ ಫರ್ಡಿನೆಂಡ್ ಕಟ್ಟಾ ಕ್ಯಾಥೊಲಿಕ್. 1598ರಲ್ಲಿ ಲೂಥರನ್ ಉಪದೇಶಕರೂ ಉಪಾಧ್ಯಾಯರೂ ಊರು ಬಿಡಬೇಕೆಂದು ಆಜ್ಞೆಯಾಯಿತು. ಕೆಪ್ಲರನೊಬ್ಬನಿಗೆ ಮರಳಲು ಅನುಮತಿ ದೊರೆಯಿತು. ಇಂದಲ್ಲ ನಾಳೆ ಮತಾಂತರವಾದಾನು ಎಂಬ ನಿರೀಕ್ಷೆ ಇದ್ದಿರಬೇಕು. ಆ ವರ್ಷಾಂತ್ಯದಲ್ಲಿ ಬವೇರಿಯದ ಕ್ಯಾಥೊಲಿಕ್ ಮಿತ್ರನೊಬ್ಬನಿಗೆ ಬರೆದ ಕಾಗದದಲ್ಲಿ ಆತ ತನ್ನ ನಿಲುವನ್ನು ತಿಳಿಸಿದ್ದಾನೆ. ಈ ನಂಬಿಕೆ ತಂದೆತಾಯಿಗಳಿಂದ ಬಂದದ್ದು. ಮತ್ತೆ ಮತ್ತೆ ತಾನೇ ಪರೀಕ್ಷಿಸಿ ನೋಡಿ ಉಳಿಸಿಕೊಂಡದ್ದು. ಒಳಗೊಂದು ಹೊರಗೊಂದು ಮಾಡುವುದನ್ನು ತಾನು ಕಲಿತಿಲ್ಲ. ಧರ್ಮ ತನಗೆ ಆಟವಲ್ಲ.

ಅದಕ್ಕೆ ತೆತ್ತ ಬೆಲೆ ಸಣ್ಣದಲ್ಲ. 1599ರಲ್ಲಿ ತೀರಿಕೊಂಡ ಹಸುಗೂಸನ್ನು ಕ್ಯಾಥೊಲಿಕ್ ಪಾದ್ರಿಗಳಿಲ್ಲದೆ ಮಣ್ಣು ಮಾಡಲು ಹೊರಟದ್ದಕ್ಕೆ ದಂಡ ಕಟ್ಟಬೇಕಾಯಿತು. 1600ರ ಆಗಸ್ಟ್‌ನಲ್ಲಿ ಊರವರನ್ನು ಒಬ್ಬೊಬ್ಬರನ್ನಾಗಿ ಕರೆದು ಕೇಳಿದಾಗ, ಒಪ್ಪದೆ ನಿಂತವರು ಅರುವತ್ತರಷ್ಟು ಜನ. ಅವರಲ್ಲಿ ಕೆಪ್ಲರನೂ ಒಬ್ಬ. ಹೆಂಡತಿಯ ಕಡೆಯ ಆಸ್ತಿಪಾಸ್ತಿ ಅಲ್ಲೇ ಇತ್ತು. ಅದನ್ನು ಹಿಂದೆ ಬಿಟ್ಟು ಸಂಸಾರದೊಡನೆ ಪ್ರಾಗ್‌ಗೆ, ಟೈಕೊ ಬ್ರಾಹೆಯ ಬಳಿಗೆ ಹೋದ.

ಟೈಕೊನ ದಾಖಲೆಗಳಿಂದ ಮಂಗಳದ ಪಥವನ್ನು ಲೆಕ್ಕ ಹಾಕುವಾಗ ಎಂಟು ಮಿನಿಟುಗಳಷ್ಟು ಕೋನ ವ್ಯತ್ಯಾಸ ಬಂತು. ಹುಣ್ಣಿಮೆ ಚಂದ್ರನ ಅಗಲದ ಸುಮಾರು ಕಾಲುಭಾಗವಷ್ಟೆ! ಇನ್ನೊಬ್ಬನಾಗಿದ್ದರೆ ಅಳತೆಯ ದೋಷವೆಂದು ತೇಲಿಸಿಬಿಡುತ್ತಿದ್ದ. ಕೆಪ್ಲರ್ ಲೆಕ್ಕವನ್ನೇ ಬಿಸುಟು ಮತ್ತೆ ಕುಳಿತ. ಎರಡು ಸಾವಿರ ವರ್ಷಗಳ ವೃತ್ತದ ಕಲ್ಪನೆ ಬಿದ್ದು ದೀರ್ಘವೃತ್ತ ಬಂದದ್ದು ಹೀಗೆ, ಪ್ರಕಟವಾದದ್ದು 1609ರಲ್ಲಿ.

ಹಾಗಾದರೆ ಆತ ಲೂಥರನ್ ಸಭೆಗೆ ಅಚ್ಚುಮೆಚ್ಚಿನವನಾಗಿದ್ದನೆ? ಅದೂ ಇಲ್ಲ. 1612ರಲ್ಲಿ ಲಿನ್ಸ್ ನಗರಕ್ಕೆ ಬಂದಾಗ ಅಲ್ಲಿಯ ಲೂಥರನ್ ಪಾದ್ರಿಯೇ ಪ್ರಭು ಭೋಜನ ಕೊಡಲು ನಿರಾಕರಿಸಿದ. ಲೂಥರನ್ನರ ಒಪ್ಪಂದ ಸೂತ್ರಕ್ಕೆ ಕೆಪ್ಲರ್ ಷರತ್ತಿಲ್ಲದೆ ಸಹಿ ಹಾಕಿರಲಿಲ್ಲ. ಕ್ರಿಸ್ತನ ದೇಹ ಎಲ್ಲೆಲ್ಲೂ ಇದೆ ಎಂಬ ಅದರ ವಾದವನ್ನಾಗಲಿ, ಕ್ಯಾಲ್ವಿನ್ ಪಂಥದವರನ್ನು ಖಂಡಿಸುವುದನ್ನಾಗಲಿ ಆತನ ಮನಸ್ಸು ಒಪ್ಪಲಿಲ್ಲ. ಮೇಲಿನವರಿಗೆ ಬರೆದುಕೊಂಡ, ಅವರೂ ಪಾದ್ರಿಯ ಪರ ನಿಂತರು. 1619ರಲ್ಲಿ, ಮೂರನೆಯ ನಿಯಮ ಅಚ್ಚಾದ ವರ್ಷವೇ, ಬಾಗಿಲು ಪೂರ್ತಿ ಮುಚ್ಚಿತು. ಸ್ವಂತ ಸಭೆ ಹೊರಗಿಟ್ಟ ಮೇಲೆ ರೋಮಿನತ್ತ ಹೋಗಲು ನೆಪ ಬೇಕಿದ್ದವನಿಗೆ ಇದಕ್ಕಿಂತ ಒಳ್ಳೆಯ ನೆಪ ಬೇಕೆ?

1628ರ ಹೊತ್ತಿಗೆ ಅದೇ ಫರ್ಡಿನೆಂಡ್ ಚಕ್ರವರ್ತಿಯಾಗಿದ್ದ, ಕೆಪ್ಲರ್ ಆತನ ಆಸ್ಥಾನ ಗಣಿತಜ್ಞ. ಮತ ಬದಲಿಸಿದರೆ ಎಲ್ಲವೂ ಸುಗಮವಾಗುವುದೆಂಬ ಸೂಚನೆ ಬಂತು. ಗಣಿತ ಬಲ್ಲ ಜೆಸ್ವಿಟ್ ಪಾದ್ರಿ ಪಾಲ್ ಗುಲ್ಡಿನ್ ಕೂಡ ಸ್ನೇಹದಿಂದಲೇ ಒತ್ತಾಯಿಸಿದ. ಕೆಪ್ಲರನ ಉತ್ತರ ಸೊಗಸಾಗಿದೆ. ಕ್ಯಾಥೊಲಿಕ್ ಎಂದರೆ 'ವಿಶ್ವವ್ಯಾಪಿ' ಎಂದರ್ಥ. ದೀಕ್ಷಾಸ್ನಾನವಾದ ದಿನದಿಂದಲೇ ತಾನು ಆ ವಿಶ್ವವ್ಯಾಪಿ ಸಭೆಯವನು, ಇನ್ನು ಹೊಸದಾಗಿ ಸೇರುವುದೇನಿದೆ? ರೋಮಿನ ಯಾವುದನ್ನು ಒಪ್ಪಲಾರೆನೋ ಅದನ್ನು ಒಪ್ಪಿದೆನೆಂದು ಹೇಳಲಾರೆ, ಎಂಬುದು ಆತನ ನಿಲುವು. ಗುಲ್ಡಿನ್‌ನೊಡನೆ ವಿಶ್ವಾಸ ಕೆಡಿಸಿಕೊಳ್ಳಲೂ ಇಲ್ಲ.

ಚಕ್ರವರ್ತಿಯ ಖಜಾನೆಯಿಂದ ಸುಮಾರು 12,000 ಗುಲ್ಡನ್ ಸಂಬಳ ಬಾಕಿಯಿತ್ತು. ಬರಬೇಕಾದ ಹಣದ ಚಿಂತೆಯಲ್ಲೇ 1630ರ ಚಳಿಯಲ್ಲಿ ಕುದುರೆ ಏರಿ ರೇಗನ್ಸ್‌ಬರ್ಗ್‌ಗೆ ಹೋದ ಕೆಪ್ಲರ್ ಜ್ವರ ಬಂದು ನವೆಂಬರ್ 15ರಂದು ತೀರಿಕೊಂಡ. ಊರ ಹೊರಗಿನ ಪ್ರಾಟೆಸ್ಟಂಟ್ ಸ್ಮಶಾನದಲ್ಲಿ ಹೂಳಿದರು. ಕೆಲವೇ ವರ್ಷಗಳಲ್ಲಿ, ಅದೇ ಮತಗಳ ಯುದ್ಧದಲ್ಲಿ, ಆ ಸಮಾಧಿಯೂ ಅಳಿಸಿಹೋಯಿತು.