ಎಳೆಯರ ಕನಸಿನ ತಂಡ: ನಂಬಿಕೆ ಎಷ್ಟು, ನಿಜ ಎಷ್ಟು?

ಕಿರಿಯರ ವಿಶ್ವಕಪ್ ಮುಗಿದ ಮರುದಿನವೇ ಫುಟ್‌ಬಾಲ್ ಪ್ರಿಯರು ಹನ್ನೊಂದು ಹೆಸರು ಬರೆದು ‘ನಾಳಿನ ತಾರೆಯರು’ ಎಂದು ಘೋಷಿಸಿಬಿಡುತ್ತಾರೆ. 2017ರಲ್ಲಿ 17 ವರ್ಷದೊಳಗಿನವರ ವಿಶ್ವಕಪ್ ನಮ್ಮ ದೇಶದಲ್ಲೇ ನಡೆದಾಗಲೂ ಹಾಗೇ ಆಯಿತು. ಅಂಥ ಪಟ್ಟಿಗಳ ಹಿಂದಿನ ಕೆಲವು ನಂಬಿಕೆಗಳನ್ನು ಅದೇ ಟೂರ್ನಿಯನ್ನು ಇಟ್ಟುಕೊಂಡು ಒರೆಗೆ ಹಚ್ಚಬಹುದು.

ನಂಬಿಕೆ: ಹೆಚ್ಚು ಗೋಲು ಹೊಡೆದವನೇ ನಾಳಿನ ದೊಡ್ಡ ಆಟಗಾರ.

ಆ ಸಲ ಇಂಗ್ಲೆಂಡಿನ ರಿಯಾನ್ ಬ್ರೂಸ್ಟರ್ 8 ಗೋಲು ಹೊಡೆದ. ಕ್ವಾರ್ಟರ್‌ಫೈನಲ್‌ನಲ್ಲಿ ಅಮೆರಿಕದ ಮೇಲೆ ಹ್ಯಾಟ್ರಿಕ್, ಸೆಮಿಫೈನಲ್‌ನಲ್ಲಿ ಬ್ರೆಜಿಲ್ ಮೇಲೆ ಇನ್ನೊಂದು. ಮುಂಚೂಣಿಗೆ ಬೇರೆ ಹೆಸರು ಹುಡುಕುವ ಅಗತ್ಯವೇ ಇರಲಿಲ್ಲ. ಆದರೆ ಕೆಲವೇ ತಿಂಗಳಲ್ಲಿ ಅವನಿಗೆ ದೊಡ್ಡ ಗಾಯವಾಯಿತು. ಶೆಫೀಲ್ಡ್ ಯುನೈಟೆಡ್ ಪರ ಆಡಿದ 2020–21ರ ಪ್ರೀಮಿಯರ್ ಲೀಗ್‌ನಲ್ಲಿ ಒಂದು ಗೋಲೂ ದಕ್ಕಲಿಲ್ಲ. ಅವನ ಪ್ರತಿಭೆ ಸುಳ್ಳಾಗಿರಲಿಲ್ಲ. ನಾವು ಓದಿದ್ದು ಮೂರು ವಾರದ ಕಥೆ ಮಾತ್ರ. ಅದೇ ತಂಡದಲ್ಲಿ ಗೋಲ್ಡನ್ ಬಾಲ್ ಗೆದ್ದ ಫಿಲ್ ಫೋಡೆನ್ ನಿರೀಕ್ಷೆಯಂತೆಯೇ ಬೆಳೆದ. ರಕ್ಷಣೆಯಲ್ಲಿದ್ದ ಮಾರ್ಕ್ ಗುಯೆಹಿ 2025ರಲ್ಲಿ ಕ್ರಿಸ್ಟಲ್ ಪ್ಯಾಲೆಸ್‌ನ ನಾಯಕನಾಗಿ ಎಫ್‌ಎ ಕಪ್ ಗೆದ್ದ. ಇನ್ನು ಬ್ರೆಜಿಲ್‌ನ ವಿನಿಸಿಯಸ್ ಜೂನಿಯರ್? ಫ್ಲಮೆಂಗೊ ಕ್ಲಬ್ ಬಿಟ್ಟುಕೊಡದ ಕಾರಣ ಅವನು ಭಾರತಕ್ಕೆ ಬರಲೇ ಇಲ್ಲ. ಆ ಪೀಳಿಗೆಯ ಅತಿ ದೊಡ್ಡ ಹೆಸರುಗಳಲ್ಲೊಂದು ಟೂರ್ನಿ ನೋಡಿ ಬರೆದ ಯಾವ ಪಟ್ಟಿಗೂ ಸೇರುವಂತಿರಲಿಲ್ಲ.

ನಂಬಿಕೆ: ಹದಿನೈದರಲ್ಲಿ ಎಲ್ಲರಿಗಿಂತ ಮುಂದಿರುವವನೇ ಹೆಚ್ಚು ಪ್ರತಿಭಾವಂತ.

ನನ್ನ ಮಟ್ಟಿಗೆ ಅತಿ ಹೆಚ್ಚು ಹಾನಿ ಮಾಡಿರುವುದು ಇದೇ. 2017ರ ಟೂರ್ನಿಗೆ 2000ದ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಅರ್ಹರು. ಅಂದರೆ ಜನವರಿಯಲ್ಲಿ ಹುಟ್ಟಿದವನೂ ಅದೇ ವರ್ಷದ ಡಿಸೆಂಬರಿನಲ್ಲಿ ಹುಟ್ಟಿದವನೂ ಕಾಗದದ ಮೇಲೆ ಒಂದೇ ವಯಸ್ಸು. ಮೈದಾನದಲ್ಲಿ ಒಬ್ಬ ಸುಮಾರು ಒಂದು ವರ್ಷ ದೊಡ್ಡವನು. ಅವನ ಕಾಲು ಉದ್ದ, ಭುಜ ಗಟ್ಟಿ, ಓಟ ಜೋರು. ಕೋಚ್ ಕಣ್ಣಿಗೆ ಬೀಳುವುದು ಅವನೇ. ಆಯ್ಕೆಯಾದವನಿಗೆ ಒಳ್ಳೆಯ ತರಬೇತಿ, ಹೆಚ್ಚು ಪಂದ್ಯ ಸಿಗುತ್ತವೆ. ಇನ್ನೊಬ್ಬ ಬೆಂಚಿನಲ್ಲೇ ಉಳಿಯುತ್ತಾನೆ. ಎರಡು ವರ್ಷ ಕಳೆಯುವಷ್ಟರಲ್ಲಿ ಮೊದಲು ಇಲ್ಲದಿದ್ದ ಅಂತರ ನಿಜವಾಗಿಯೂ ಹುಟ್ಟಿಕೊಂಡಿರುತ್ತದೆ. ಯುರೋಪಿನ ಕಿರಿಯರ ತಂಡಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚು ಎಂಬುದನ್ನು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ.

ಹುಟ್ಟಿದ ತಿಂಗಳು ಒಂದೇ ಇದ್ದರೂ ಮೈ ಬೆಳೆಯುವ ವೇಗ ಬೇರೆ. ತೀರಾ ಚಿಕ್ಕವನು ಎಂದು ಫ್ರಾನ್ಸಿನ ಕ್ಲಬ್ಬುಗಳು ಆಂಟೊನ್ ಗ್ರೀಜ್‌ಮನ್‌ನನ್ನು ಒಂದರ ಹಿಂದೊಂದು ತಿರಸ್ಕರಿಸಿದವು. ಹುಡುಗ ಗಡಿ ದಾಟಿ ಸ್ಪೇನಿನ ರಿಯಲ್ ಸೊಸಿಡಾಡ್ ಸೇರಿದ, 2018ರಲ್ಲಿ ಅದೇ ಫ್ರಾನ್ಸಿಗೆ ವಿಶ್ವಕಪ್ ಗೆದ್ದುಕೊಟ್ಟವರಲ್ಲಿ ಒಬ್ಬನಾದ. ಬೆಲ್ಜಿಯಂ ಫುಟ್‌ಬಾಲ್ ಸಂಸ್ಥೆ ತಡವಾಗಿ ಬೆಳೆಯುವ ಮಕ್ಕಳಿಗೆಂದೇ ಬೇರೆ ತಂಡ ಕಟ್ಟಿತು. ಇಂಗ್ಲೆಂಡಿನ ಅಕಾಡೆಮಿಗಳು ವಯಸ್ಸಿನ ಬದಲು ದೇಹದ ಬೆಳವಣಿಗೆ ನೋಡಿ ಗುಂಪು ಮಾಡಿ ಆಡಿಸಿ ನೋಡಿವೆ. ಕಿರಿಯರ ಪಂದ್ಯ ನೋಡುವಾಗ ಓಟಕ್ಕಿಂತ, ಚೆಂಡು ಬರುವ ಮುನ್ನ ಯಾರು ಸುತ್ತ ಕಣ್ಣಾಡಿಸುತ್ತಾನೆ, ಮೊದಲ ಸ್ಪರ್ಶದಲ್ಲೇ ಚೆಂಡನ್ನು ಯಾವ ಕಡೆ ತಿರುಗಿಸುತ್ತಾನೆ ಎಂದು ಗಮನಿಸಿ.

ನಂಬಿಕೆ: ಸೋತ ತಂಡದಲ್ಲಿ ಆರಿಸುವಂಥದ್ದೇನೂ ಇಲ್ಲ.

ಆ ವಿಶ್ವಕಪ್‌ನಲ್ಲಿ ಭಾರತ ಮೂರೂ ಪಂದ್ಯ ಸೋತಿತು. ಆದರೆ ದೆಹಲಿಯಲ್ಲಿ ಕೊಲಂಬಿಯಾ ವಿರುದ್ಧ ಬೆಂಗಳೂರಿನ ಹುಡುಗ ಸಂಜೀವ್ ಸ್ಟಾಲಿನ್ ತೆಗೆದ ಕಾರ್ನರ್‌ಗೆ ಜೀಕ್ಸನ್ ಸಿಂಗ್ ತಲೆ ಕೊಟ್ಟ. ಫಿಫಾ ವಿಶ್ವಕಪ್‌ಗಳಲ್ಲಿ ಭಾರತದ ಮೊದಲ ಗೋಲು ಅದು. ಜೀಕ್ಸನ್ ಮುಂದೆ ಹಿರಿಯರ ತಂಡಕ್ಕೂ ಬಂದ.

ನಂಬಿಕೆ: ಹನ್ನೊಂದೂ ಮಂದಿ ಎಳೆಯರಾದರೆ ಕನಸಿನ ತಂಡ ಗೆಲ್ಲುತ್ತದೆ.

ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ 1995ರ ಅಯಾಕ್ಸ್. ವಿಯೆನ್ನಾದಲ್ಲಿ ಎಸಿ ಮಿಲಾನ್ ವಿರುದ್ಧ ಚಾಂಪಿಯನ್ಸ್ ಲೀಗ್ ಫೈನಲ್, ಬದಲಿಯಾಗಿ ಬಂದ 18ರ ಪ್ಯಾಟ್ರಿಕ್ ಕ್ಲೈವರ್ಟ್ 85ನೇ ನಿಮಿಷದಲ್ಲಿ ಹೊಡೆದ ಒಂದೇ ಗೋಲು. ಅದೇ ತಂಡದ ಸೀಡಾರ್ಫ್‌ಗೆ 19, ಡೇವಿಡ್ಸ್‌ಗೆ 22. ಆದರೆ ಕ್ಲೈವರ್ಟ್‌ಗೆ ಆ ಚೆಂಡು ಕೊಟ್ಟದ್ದು 32ರ ಫ್ರಾಂಕ್ ರಿಯ್ಕಾರ್ಡ್. ನಾಯಕ ಡ್ಯಾನಿ ಬ್ಲಿಂಡ್‌ಗೆ 33. ಹುಡುಗರು ಅಷ್ಟು ಧೈರ್ಯದಿಂದ ಮುನ್ನುಗ್ಗಿದ್ದು ಹಿಂದೆ ಈ ಇಬ್ಬರು ನಿಂತಿದ್ದರಿಂದ.